ದೊಡ್ಡಮ್ಮನ ಕಣ್ಣು, ಎರಡು ಜೋಡಿ ಐಪೀಸು

ನಮ್ಮ ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಒಂದೇ ಸಾಲಿನದು. ದೊಡ್ಡಮ್ಮನ ಕಣ್ಣು ಮಂಜಾಯಿತು, ಎಣಿಕೆ ತಪ್ಪಿತು, ಕೆಲಸ ಬಿಟ್ಟಳು. ಅಮ್ಮ ಹೀಗೇ ಹೇಳುತ್ತಾಳೆ. ಪದ್ಮನಾಭನಗರದ ಅತ್ತೆ ಹೀಗೇ ಹೇಳಿ ಕೊನೆಗೊಂದು 'ಪಾಪ' ಸೇರಿಸುತ್ತಾರೆ. ದೊಡ್ಡಮ್ಮನ ಬಾಯಿಂದಲೂ ಇದೇ ಬರುವುದರಿಂದ ಯಾರೂ ಮುಂದಕ್ಕೆ ಕೇಳುವುದಿಲ್ಲ. ತಪ್ಪು ಮಾಡಿದವಳೇ ಒಪ್ಪಿಕೊಂಡ ಮೇಲೆ ಇನ್ನೆಂಥ ವಿಚಾರಣೆ?

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಮೊದಲು ಕಲಿಸಿದ್ದು, ಎದುರಿನವರ ವಾಕ್ಯವನ್ನು ಇಡಿಯಾಗಿ ನುಂಗಬೇಡ, ತುಂಡು ಮಾಡಿ ನೋಡು ಎಂದು. ಹಾಗೆ ನೋಡಿದರೆ ಈ ವಾಕ್ಯದಲ್ಲಿ ಕೆಲಸ ಬಿಟ್ಟಳು ಎನ್ನುವುದೊಂದೇ ನಿಜ. ಎಣಿಕೆ ತಪ್ಪಲಿಲ್ಲ. ಅವಳು ಎಣಿಸಿದ್ದು ಸರಿಯಾಗಿಯೇ ಇತ್ತು, ಬಂದ ಉತ್ತರ ತಪ್ಪಾಗಿತ್ತು. ಎರಡೂ ಒಂದೇ ಅಲ್ಲ. ಇನ್ನು ಕಣ್ಣು ಮಂಜಾಯಿತು ಎನ್ನುವ ತುಂಡು. ಅದು ನಿಜವಲ್ಲ ಎಂದು ಬಲ್ಲವರು ಮೂವರು: ಕಣ್ಣಿನ ಡಾಕ್ಟರು, ದೊಡ್ಡಮ್ಮ, ನಾನು.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಬನಶಂಕರಿ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಪುಟ್ಟ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಟೆಕ್ನಿಷಿಯನ್ ಆಗಿದ್ದಳು. ಲ್ಯಾಬು ಶುರು ಮಾಡಿದ ಹಳೆಯ ಡಾಕ್ಟರು ಈಗಿಲ್ಲ. ಅವರ ಮಗಳು ನಡೆಸುತ್ತಾರೆ, ಅವರೂ ಡಾಕ್ಟರೇ, ದೊಡ್ಡಮ್ಮ ಅವರನ್ನು ಮೇಡಂ ಎನ್ನುತ್ತಿದ್ದಳು. ಜಯನಗರದ ನನ್ನ ಕಾಲೇಜು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಮನೆಗೆ ಹೋಗುವ ಬದಲು ನಾನು ಅಲ್ಲಿಗೆ ಹೋಗಿ ಅವಳ ಡಬ್ಬಿಯಲ್ಲಿ ಅರ್ಧ ತಿಂದು, ಅವಳು ಸ್ಲೈಡು ನೋಡುವುದನ್ನು ನೋಡುತ್ತ ಕೂರುತ್ತಿದ್ದೆ.

ರಕ್ತದ ಕಣಗಳನ್ನು ಎಣಿಸಲು ಅಲ್ಲೊಂದು ಮೆಷಿನ್ ಇತ್ತು. ಆದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಮ್ಮಿ ಎಂದು ಮೆಷಿನ್ ಹೇಳಿದರೆ ಅದನ್ನು ಹಾಗೇ ಬರೆದು ಕಳಿಸುವ ಪದ್ಧತಿ ಇರಲಿಲ್ಲ. ಪ್ಲೇಟ್ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ, ಗಾತ್ರದಲ್ಲಿ ದೊಡ್ಡದಿದ್ದರೆ ಮೆಷಿನ್ ಅವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಡುತ್ತದೆ. ಹಾಗಾಗಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ಎಣಿಸಬೇಕು. ಕಾಣುವ ದುಂಡನೆಯ ಬೆಳಕಿನ ಬಿಲ್ಲೆಗೆ ಫೀಲ್ಡ್ ಎನ್ನುತ್ತಾರೆ. ದೊಡ್ಡಮ್ಮ ಹತ್ತು ಫೀಲ್ಡಿನಲ್ಲಿರುವ ಪ್ಲೇಟ್ಲೆಟ್‌ಗಳನ್ನು ಎಣಿಸಿ, ಸರಾಸರಿ ತೆಗೆದು, ಹದಿನೈದು ಸಾವಿರದಿಂದ ಗುಣಿಸುತ್ತಿದ್ದಳು. ಆ ಹದಿನೈದು ಸಾವಿರವನ್ನು ಹಳೆಯ ಡಾಕ್ಟರು ಆ ಮೈಕ್ರೋಸ್ಕೋಪಿನಲ್ಲೇ ಎಷ್ಟೋ ಸ್ಲೈಡುಗಳನ್ನು ತಾಳೆ ನೋಡಿ ಗೊತ್ತು ಮಾಡಿದ್ದರಂತೆ. ಸುತ್ತಲಿನ ಕ್ಲಿನಿಕ್ಕುಗಳಿಂದ ಫೋನ್ ಬಂದರೆ ಕೇಳುತ್ತಿದ್ದದ್ದು ಒಂದೇ. "ಮೆಷಿನ್ ಇರ್ಲಿ, ಅಕ್ಕ ನೋಡಿದ್ರಾ?"

ಅವಳಿಗಿದ್ದ ತೊಂದರೆ ಕುತ್ತಿಗೆಯದು. ಮೈಕ್ರೋಸ್ಕೋಪಿನ ಮೇಲ್ಗಡೆ ಕಣ್ಣಿಡುವ ಲೆನ್ಸುಗಳಿಗೆ ಐಪೀಸ್ ಎನ್ನುತ್ತಾರೆ. ಆ ಹಳೆಯ ಜೋಡಿ ಐಪೀಸಿನ ಕಿಂಡಿ ಎಷ್ಟು ಚಿಕ್ಕದೆಂದರೆ, ಕನ್ನಡಕ ತೆಗೆದು, ರೆಪ್ಪೆ ತಾಗುವಷ್ಟು ಹತ್ತಿರ ಬಗ್ಗಿ ನೋಡಬೇಕಿತ್ತು. ದಿನಕ್ಕೆ ನಲವತ್ತು ಸಲ ಕನ್ನಡಕ ಹಾಕು, ತೆಗಿ, ಬಗ್ಗು. ನೋಡಲಾಗದೆ ನಾನೊಂದು ಹೊಸ ಜೋಡಿ ತರಿಸಿದೆ. ಅಗಲ ಕಿಂಡಿಯದು, ಕನ್ನಡಕ ಹಾಕಿಕೊಂಡೇ ನೋಡಬಹುದು. ಹಳೆಯದರ ಮೇಲೆ ಬರಿಯ ಹತ್ತು ಎಂದು ಕೊರೆದಿತ್ತು, ಎಂದರೆ ಹತ್ತು ಪಟ್ಟು ದೊಡ್ಡದು ಮಾಡುತ್ತದೆ ಎಂದು. ಹೊಸದರ ಮೇಲೆ ಹತ್ತು, ಒಂದು ಓರೆಗೆರೆ, ಇಪ್ಪತ್ತು.

ದೊಡ್ಡಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅದೂ ಹತ್ತು, ಇದೂ ಹತ್ತಾ?"

"ಹತ್ತು ಅಂತ ಬರೆದಿದೆಯಲ್ಲ ದೊಡ್ಡಮ್ಮ. ಹತ್ತು ಹತ್ತೇ."

"ಪಕ್ಕದಲ್ಲಿ ಇಪ್ಪತ್ತು ಅಂತ ಇದೆ ನೋಡು."

"ಮಾಡೆಲ್ ನಂಬರ್ ಇರ್ಬೇಕು."

ಇರಬೇಕು ಎಂಬ ಪದವನ್ನು ವೇದಿಕೆಯ ಮೇಲೆ ನಾನು ಎಂದೂ ಬಳಸಿದವಳಲ್ಲ. ಎದುರಾಳಿ ಬಳಸಿದರೆ ಅಲ್ಲೇ ಹಿಡಿದು ನಿಲ್ಲಿಸುತ್ತಿದ್ದೆ.

"ಈ ಜೋಡಿ ಕಳಚಬೇಡಿ ಅಂತ ಡಾಕ್ಟ್ರು ಹೇಳ್ತಿದ್ರು ಕಣೇ."

"ಯಾಕೆ ಅಂತ ಹೇಳಿದ್ರಾ?"

"ಇಲ್ಲ. ಹೇಳ್ತಿದ್ರು, ಅಷ್ಟೆ."

"ಕಾರಣ ಇಲ್ಲದ ಮೇಲೆ ಅದು ನಿಯಮ ಅಲ್ಲ, ಮಡಿ. ಮುಟ್ಟಬೇಡ ಅಂದ್ರು, ಮೂವತ್ತು ವರ್ಷ ಮುಟ್ಟಲಿಲ್ಲ. ಕುತ್ತಿಗೆ ಹೋಯ್ತು."

"ನಿನ್ ಬಾಯಿಗೆ ಬೀಗ ಹಾಕೋರು ಇನ್ನೂ ಹುಟ್ಟಿಲ್ಲ," ಎಂದು ನಕ್ಕಳು. ಮೇಡಂ ಅಲ್ಲೇ ಕಂಪ್ಯೂಟರಿನ ಮುಂದೆ ಇದ್ದರು. ಅವರೂ ನಕ್ಕರು. ನಾನು ಇನ್ನೂ ಒಂದು ಏಟು ಹಾಕಿದೆ. ಕೆಳಗಿನ ಲೆನ್ಸು ನೂರು ಪಟ್ಟು, ಮೇಲಿನದು ಹತ್ತು ಪಟ್ಟು, ಗುಣಿಸಿದರೆ ಸಾವಿರ. ಹಳೆಯ ಜೋಡಿ ಹಾಕಿದರೂ ಸಾವಿರ, ಹೊಸ ಜೋಡಿ ಹಾಕಿದರೂ ಸಾವಿರ. ಏನು ಬದಲಾಗುತ್ತದೆ, ಹೇಳು? ಅವಳು ಹೊಸ ಜೋಡಿ ಹಾಕಿ ಕಣ್ಣಿಟ್ಟಳು. "ಜಾಸ್ತಿ ಕಾಣ್ತಿದೆ ಕಣೇ," ಎಂದಳು.

"ಅದಕ್ಕೇ ತಾನೆ ತಂದಿದ್ದು," ಎಂದೆ.

ಆ ಸಂಭಾಷಣೆಯನ್ನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ಓಡಿಸಿದ್ದೇನೋ ಲೆಕ್ಕವಿಲ್ಲ. ಇಡೀ ಪ್ರಕರಣದ ಉತ್ತರವನ್ನು ಅವಳು ಮೊದಲ ದಿನವೇ ಎರಡು ಪದದಲ್ಲಿ ಹೇಳಿದ್ದಳು. ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಅದು ಡೆಂಗ್ಯೂ ಜ್ವರದ ತಿಂಗಳು. ಲ್ಯಾಬಿನ ಮೆಟ್ಟಿಲ ಮೇಲೆಲ್ಲ ಜನ. ಒಂದು ವಾರ ಕಳೆದಿರಬೇಕು, ದೊಡ್ಡಮ್ಮ ಫೋನ್ ಮಾಡಿದಳು. ಮೆಷಿನ್ ತೋರಿಸುವುದಕ್ಕೂ ತಾನು ಎಣಿಸುವುದಕ್ಕೂ ತುಂಬ ಅಂತರ ಬರುತ್ತಿದೆ, ತನ್ನದು ಯಾವಾಗಲೂ ಮೇಲೆ ಎಂದಳು.

"ಮೆಷಿನ್ ಕಮ್ಮಿ ತೋರ್ಸೋದು ಹೊಸದಾ?" ಎಂದು ನಾನು ಕೇಳಿದೆ.

"ಹೊಸದೇನಲ್ಲ. ಆದ್ರೆ ಎಲ್ಲದಕ್ಕೂ ತೋರ್ಸಲ್ಲ ಪುಟ್ಟಿ."

"ನಿನ್ನ ನಂಬಿ ಫೋನ್ ಮಾಡೋರು ಮೆಷಿನ್ನ ನಂಬಿ ಮಾಡಲ್ಲ. ಹಳೇ ಮೆಷಿನ್ ಅದು. ಸರ್ವಿಸ್ ಮಾಡ್ಸಿ ಅಂತ ಮೇಡಂಗೆ ಹೇಳು."

ಮೇಡಂ ಸರ್ವಿಸಿನವರಿಗೆ ಹೇಳಿ ಕಳಿಸಿದರು. ಅವರು ಮುಂದಿನ ವಾರ ಬರುತ್ತೇವೆ ಎಂದರು.

ಅದರ ನಡುವೆ ಚಿಕ್ಕಲಸಂದ್ರದಿಂದ ಒಬ್ಬ ಹೆಂಗಸು ಬಂದರು. ಮನೆಯಲ್ಲಿ ಬ್ಲೌಸ್ ಹೊಲಿಯುವವರು, ಜ್ವರ ಬಂದು ಐದನೇ ದಿನ. ಮೆಷಿನ್ ನಲವತ್ತೊಂದು ಸಾವಿರ ಎಂದಿತು. ದೊಡ್ಡಮ್ಮ ಹತ್ತು ಫೀಲ್ಡಿನಲ್ಲಿ ಎಣಿಸಿದರೆ ನಲವತ್ತಮೂರು ಪ್ಲೇಟ್ಲೆಟ್. ಸರಾಸರಿ ನಾಲ್ಕು ಪಾಯಿಂಟ್ ಮೂರು, ಹದಿನೈದು ಸಾವಿರದಿಂದ ಗುಣಿಸಿದರೆ ಅರವತ್ತನಾಲ್ಕೂವರೆ ಸಾವಿರ. ರಿಪೋರ್ಟಿನಲ್ಲಿ ಅದನ್ನೇ ಬರೆದು, ಕಣ್ಣಿನಿಂದ ನೋಡಿ ಖಚಿತಪಡಿಸಿದೆ ಎಂಬ ಸಾಲಿನ ಕೆಳಗೆ ಸಹಿ ಹಾಕಿದಳು. ಕ್ಲಿನಿಕ್ಕಿನ ಡಾಕ್ಟರು ಅದನ್ನು ನೋಡಿ, ಅರವತ್ತು ದಾಟಿದೆ, ಮನೆಯಲ್ಲೇ ಇರಿ, ನಾಳೆ ಸಂಜೆ ಇನ್ನೊಂದು ಸಲ ಪರೀಕ್ಷೆ ಮಾಡಿಸಿ ಎಂದರಂತೆ. ಮರುದಿನ ಸಂಜೆಯವರೆಗೆ ಅದು ಕಾಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಕೆಯ ಒಸಡಿನಿಂದ ರಕ್ತ ಬರಲು ಶುರುವಾಯಿತು. ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿ ಬಂದ ಲೆಕ್ಕ ಹತ್ತೊಂಬತ್ತು ಸಾವಿರ. ನಾಲ್ಕು ದಿನ ಐಸಿಯು. ಬದುಕಿದರು. ಇದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಬದುಕಿದರು ಎನ್ನುವುದನ್ನು ಕೊನೆಗಿಟ್ಟು ಓದುವವರನ್ನು ಕಾಯಿಸಲು ನನಗೆ ಮನಸ್ಸಿಲ್ಲ.

ಆಕೆಯ ಗಂಡ ಎರಡೂ ರಿಪೋರ್ಟು ಹಿಡಿದು ಲ್ಯಾಬಿಗೆ ಬಂದಾಗ ನಾನು ಅಲ್ಲಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡುವವರಿಗೆ ಉತ್ತರ ಕೊಡುವುದು ನನಗೆ ಗೊತ್ತು. ಆತ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಬಂದು, ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

"ಡಾಕ್ಟ್ರು ಹೇಳಿದ್ರು ಅಕ್ಕ, ನಲವತ್ತು ಅಂತ ಬಂದಿದ್ರೆ ಅವತ್ತೇ ಅಡ್ಮಿಟ್ ಮಾಡಿಸ್ತಿದ್ದೆ ಅಂತ. ನಮ್ಗೂ ಭಯ ಇತ್ತು. ನೀವು ನೋಡಿದೀರ ಅಂತಾನೇ ಮನೇಲಿ ಉಳಿದಿದ್ದು."

ಆತ ಹೋದ ಮೇಲೆ ಮೇಡಂ ಬಾಗಿಲು ಮುಂದೆ ಮಾಡಿದರು. "ಏನಾಯ್ತು ಅಕ್ಕ?" ಎಂದು ಕೇಳಿದರು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ದೊಡ್ಡಮ್ಮ ಮೈಕ್ರೋಸ್ಕೋಪಿನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಅಥವಾ ನನ್ನ ಹಿಂದಿದ್ದ ಕಿಟಕಿಯ ಕಡೆ ನೋಡಿರಬಹುದು. ಈ ಒಂದು ಸಂಗತಿಯಲ್ಲಿ ನನ್ನ ನೆನಪನ್ನು ಸಾಕ್ಷಿಯಾಗಿ ಒಪ್ಪಲು ನಾನೇ ತಯಾರಿಲ್ಲ.

"ಕಣ್ಣು ಮೇಡಂ," ಎಂದಳು. "ಈಚೆಗೆ ಸ್ವಲ್ಪ ಮಂಜು. ಹೇಳ್ಬೇಕಿತ್ತು, ಹೇಳ್ಲಿಲ್ಲ."

ಅವತ್ತೇ ಹೊಸ ಜೋಡಿಯನ್ನು ಕಳಚಿ, ಹಳೆಯದನ್ನು ಹಾಕಿ, ಹೊಸದನ್ನು ತನ್ನ ಬ್ಯಾಗಿಗಿಟ್ಟುಕೊಂಡಳು. ಯಾಕೆ ಎಂದು ಮೆಟ್ಟಿಲಿಳಿಯುವಾಗ ಕೇಳಿದೆ. "ನಿಂದಲ್ವಾ ಅದು, ಇಲ್ಲಿ ಬಿಟ್ಟು ಬರಕ್ಕಾಗುತ್ತಾ?" ಎಂದಳು. ಇನ್ನು ಬರುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದಳು ಎಂದು ನನಗೆ ಗೊತ್ತಾದದ್ದು ಹಾಗೆ.

ಅಮ್ಮ ಸುಮ್ಮನಿರುವವಳಲ್ಲ. ಮಂಜು ಎಂದರೆ ಪೊರೆ, ಪೊರೆ ಎಂದರೆ ಆಪರೇಷನ್, ಬೇಗ ಆಗಿಬಿಡಲಿ ಎಂದು ಜಯನಗರದ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿದಳು. ಜೊತೆಗೆ ಹೋದವಳು ನಾನು. ಹನಿ ಹಾಕಿ, ಅರ್ಧ ಗಂಟೆ ಕೂರಿಸಿ, ಬೆಳಕು ಬಿಟ್ಟು ನೋಡಿ ಡಾಕ್ಟರು ಹೇಳಿದರು: "ಅರವತ್ತರ ಹತ್ತಿರ ಇಷ್ಟು ಒಳ್ಳೇ ಕಣ್ಣು ನಾನು ನೋಡಿ ತುಂಬ ದಿನ ಆಯ್ತು. ಪೊರೆ ಇಲ್ಲಮ್ಮ. ಇದೇ ಕನ್ನಡಕ ಸಾಕು."

ಮನೆಗೆ ಬಂದಾಗ ಅಮ್ಮ ಏನಂದ್ರು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆ ದೊಡ್ಡಮ್ಮ, "ಶುರು ಆಗ್ತಿದೆಯಂತೆ. ಇನ್ನೂ ಆಪರೇಷನ್ನಿಗೆ ಬಂದಿಲ್ಲ, ಕಾಯಿರಿ ಅಂದ್ರು," ಎಂದು ಚಪ್ಪಲಿಯನ್ನು ಗೂಡಿನಲ್ಲಿಟ್ಟಳು. ನಾನು ಸುಮ್ಮನಿದ್ದೆ. ಎದುರಿಗೇ ಸುಳ್ಳು ಹೇಳಿದಾಗ ಸುಮ್ಮನಿದ್ದದ್ದು ನನ್ನ ಬದುಕಿನಲ್ಲೇ ಮೊದಲು. ಯಾಕೆ ಸುಮ್ಮನಿದ್ದೆ ಎಂದರೆ, ಆ ಸುಳ್ಳು ಯಾರಿಗಾಗಿ ಎಂದು ಆಗ ನನಗೆ ಹೊಳೆದಿರಲಿಲ್ಲ. ಕೆಲಸ ಸಾಕಾಗಿರಬೇಕು, ಒಂದು ನೆಪ ಬೇಕಾಗಿತ್ತು ಎಂದುಕೊಂಡೆ. ಮತ್ತೆ ಅದೇ 'ಇರಬೇಕು'.

ಎರಡು ತಿಂಗಳ ಮೇಲೆ, ದೊಡ್ಡಮ್ಮ ಮೂವತ್ತು ವರ್ಷ ದುಡಿದದ್ದಕ್ಕೆ ಸರ್ವಿಸ್ ಪತ್ರ ತರಲು ಲ್ಯಾಬಿಗೆ ಹೋದೆ. ಅವಳ ಜಾಗಕ್ಕೆ ಬಂದಿದ್ದವರು ಬಾಗಲಕೋಟೆ ಕಡೆಯವರು, ಬಿಟಿಎಂ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದರು. ಮೇಡಂ ಬರುವವರೆಗೆ ಕೂರಿ ಎಂದು ಸ್ಟೂಲು ಕೊಟ್ಟರು.

"ನೀವು ಅವ್ರ ತಂಗಿ ಮಗಳೇನ್ರಿ? ಮಂದಿ ಇನ್ನೂ ಅವ್ರನ್ನ ಕೇಳ್ಕೋಂತ ಬರ್ತಾರ್ರೀ. ನನ್ನ ಮಾರಿ ನೋಡಿ, ನೀವ್ ನೋಡಿದ್ರೇನು, ಅಕ್ಕಾರ್ ನೋಡಿಲ್ಲೇನು ಅಂತಾರ." ನಕ್ಕು, ಮೈಕ್ರೋಸ್ಕೋಪು ತೋರಿಸಿ, "ಇದ್ರಾಗ ಅವ್ರು ಹೆಂಗ್ ಎಣಸ್ತಿದ್ರೋ. ಕುತಿಗಿ ಮುರಿತೈತ್ರಿ ನಂದು," ಎಂದರು.

ಸುಮ್ಮನೆ ಕಣ್ಣಿಟ್ಟೆ. ಪೈಪಿನೊಳಗಿಂದ ನೋಡಿದ ಹಾಗಿತ್ತು. ಕತ್ತಲ ನಡುವೆ ಒಂದು ಪುಟ್ಟ ಬೆಳಕಿನ ಬಿಲ್ಲೆ. ಹೊಸ ಜೋಡಿ ತಂದಾಗ ನಾನೂ ಒಮ್ಮೆ ಕಣ್ಣಿಟ್ಟಿದ್ದೆ, ಆಗ ಬಿಲ್ಲೆ ಇದಕ್ಕಿಂತ ದೊಡ್ಡದಿತ್ತು ಎಂದು ನೆನಪಾಯಿತು. ಕಣಗಳು? ಕಣಗಳ ಗಾತ್ರ ಅಷ್ಟೇ. ಕಣಗಳು ದೊಡ್ಡದಾಗಿರಲಿಲ್ಲ. ಬಿಲ್ಲೆ ದೊಡ್ಡದಾಗಿತ್ತು.

ಪತ್ರ ತೆಗೆದುಕೊಂಡು ಮನೆಗೆ ಬಂದೆ. ಮರುದಿನ, ದೊಡ್ಡಮ್ಮ ನನಗೆ ಮರಳಿಸಿದ್ದ ಹೊಸ ಜೋಡಿಯನ್ನು ಒಂದು ಕಾಲುಚೀಲದೊಳಗೆ ಸುತ್ತಿಕೊಂಡು, ಪೆನ್ಸಿಲ್ ಡಬ್ಬಿಯ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲು ತೆಗೆದುಕೊಂಡು ಮತ್ತೆ ಹೋದೆ.

ಇಲ್ಲಿ ಮೈಕ್ರೋಸ್ಕೋಪಿನ ಕಥೆ ಹೇಳಲೇಬೇಕು. ಎಲ್ಲರೂ ಹೇಳುವುದು, ನಾನೂ ಹೇಳಿದ್ದು, ಕೆಳಗಿನ ಲೆನ್ಸು ದೊಡ್ಡದು ಮಾಡುತ್ತದೆ, ಮೇಲಿನ ಲೆನ್ಸು ಅದನ್ನು ಮತ್ತಷ್ಟು ದೊಡ್ಡದು ಮಾಡುತ್ತದೆ, ಗುಣಿಸಿದರೆ ಮುಗಿಯಿತು ಎಂದು. ಸುಳ್ಳಲ್ಲ. ಆದರೆ ಎರಡು ಲೆನ್ಸುಗಳ ನಡುವೆ ಏನು ನಡೆಯುತ್ತದೆ ಎಂದು ಅದು ಹೇಳುವುದಿಲ್ಲ. ಸ್ಲೈಡಿನ ಹತ್ತಿರವಿರುವ ಲೆನ್ಸು, ಅದಕ್ಕೆ ಆಬ್ಜೆಕ್ಟಿವ್ ಎನ್ನುತ್ತಾರೆ, ಸ್ಲೈಡಿನ ಒಂದು ದೊಡ್ಡ, ತಲೆಕೆಳಗಾದ ಬಿಂಬವನ್ನು ಮೇಲಕ್ಕೆ ಕಳಿಸುತ್ತದೆ. ಆ ಬಿಂಬ ಕೊಳವೆಯ ತುದಿಯಲ್ಲಿ, ಗಾಜೂ ಇಲ್ಲದ ಪರದೆಯೂ ಇಲ್ಲದ ಜಾಗದಲ್ಲಿ, ಗಾಳಿಯಲ್ಲಿ ಮೂಡಿ ನಿಲ್ಲುತ್ತದೆ. ನಮ್ಮ ಕಣ್ಣಿನ ಹತ್ತಿರದ ಐಪೀಸು ಸ್ಲೈಡನ್ನು ನೋಡುವುದೇ ಇಲ್ಲ. ಅದು ನೋಡುವುದು ಗಾಳಿಯಲ್ಲಿ ನಿಂತ ಆ ಬಿಂಬವನ್ನು. ಬಿಂಬ ಬಂದು ನಿಲ್ಲುವ ಸರಿಯಾದ ಜಾಗದಲ್ಲೇ ಐಪೀಸಿನವರು ಒಂದು ಕಪ್ಪು ಉಂಗುರ ಕೂರಿಸಿರುತ್ತಾರೆ. ಉಂಗುರದೊಳಗೆ ಬಿದ್ದಷ್ಟು ನಮಗೆ ಕಾಣುತ್ತದೆ, ಹೊರಗೆ ಬಿದ್ದದ್ದು ಕತ್ತಲು. ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದು ಒಂದು ಲೆಕ್ಕ. ಎಷ್ಟು ಜಾಗ ಕಾಣಬೇಕು ಎಂಬುದು ಇನ್ನೊಂದು. ಹತ್ತು ಎನ್ನುವುದು ಮೊದಲ ಲೆಕ್ಕ. ಓರೆಗೆರೆಯಾಚೆಗಿನ ಇಪ್ಪತ್ತು ಎರಡನೆಯದು, ಅದು ಉಂಗುರದ ಅಗಲ, ಮಿಲಿಮೀಟರಿನಲ್ಲಿ. ಮಾಡೆಲ್ ನಂಬರ್ ಅಲ್ಲ.

ನಾಲ್ಕು ಪಟ್ಟಿನ ಚಿಕ್ಕ ಆಬ್ಜೆಕ್ಟಿವನ್ನು ತಿರುಗಿಸಿ, ಕೆಳಗೆ ಸ್ಕೇಲನ್ನಿಟ್ಟು ಹಳೆಯ ಜೋಡಿಯಲ್ಲಿ ನೋಡಿದೆ. ಬಿಲ್ಲೆಯ ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ನಾಲ್ಕು ಮಿಲಿಮೀಟರು. ಜೋಡಿ ಬದಲಿಸಿದೆ. ಐದು.

"ಏನ್ ಅಳೀಲಿಕ್ಕತ್ತೀರಿ?" ಎಂದು ಆಕೆ ಹಿಂದಿನಿಂದ ಕೇಳಿದರು.

"ಏನಿಲ್ಲ," ಎಂದೆ.

"ಏನಿಲ್ಲಂದ್ರ ಕಾಗದದ ಮ್ಯಾಲ ಯಾಕ ಬರ್ಕೋತೀರಿ?"

ನಾಲ್ಕಕ್ಕೂ ಐದಕ್ಕೂ ಏನು ಮಹಾ ಎಂದುಕೊಳ್ಳಬಹುದು. ಆದರೆ ಪ್ಲೇಟ್ಲೆಟ್‌ಗಳು ಗೆರೆಯ ಮೇಲೆ ಸಾಲಾಗಿ ನಿಂತಿರುವುದಿಲ್ಲ, ಜಾಗದ ತುಂಬ ಹರಡಿರುತ್ತವೆ. ಅಗಲ ನಾಲ್ಕರಿಂದ ಐದಾದರೆ ಜಾಗ ಹದಿನಾರರಿಂದ ಇಪ್ಪತ್ತೈದಾಗುತ್ತದೆ. ಆಬ್ಜೆಕ್ಟಿವ್ ಯಾವುದೇ ಇರಲಿ, ಉಂಗುರ ಅದೇ, ಹಾಗಾಗಿ ಈ ಪಾಲು ಬದಲಾಗುವುದಿಲ್ಲ. ಹದಿನಾರು ಕಾಣಬೇಕಾದ ಕಡೆ ದೊಡ್ಡಮ್ಮನಿಗೆ ಇಪ್ಪತ್ತೈದು ಕಾಣುತ್ತಿತ್ತು. ಎಣಿಸಿದ್ದು ಸರಿ. ಗುಣಿಸುತ್ತಿದ್ದ ಹದಿನೈದು ಸಾವಿರ ಮಾತ್ರ ಹಳೆಯ ಉಂಗುರಕ್ಕೆ ಸೇರಿದ್ದು. ಜೋಡಿ ಕಳಚಬೇಡಿ ಎಂದು ಆ ಡಾಕ್ಟರು ಹೇಳಿದ್ದಕ್ಕೆ ಕಾರಣವಿತ್ತು. ಹೇಳದೆ ಹೋದದ್ದು ಅವರ ತಪ್ಪು. ಹೇಳದ ಕಾರಣವನ್ನು ಇಲ್ಲದ ಕಾರಣ ಎಂದದ್ದು ನನ್ನ ತಪ್ಪು.

ಕಾಗದದ ಮೇಲೆ ಬರೆದುಕೊಂಡದ್ದು ಇಷ್ಟೆ. ನಲವತ್ತಮೂರನ್ನು ಹದಿನಾರರಿಂದ ಗುಣಿಸಿ ಇಪ್ಪತ್ತೈದರಿಂದ ಭಾಗಿಸಿದರೆ ಇಪ್ಪತ್ತೇಳೂವರೆ. ಹತ್ತು ಫೀಲ್ಡಿಗೆ ಇಪ್ಪತ್ತೇಳೂವರೆ ಎಂದರೆ ಸರಾಸರಿ ಎರಡೂಮುಕ್ಕಾಲು, ಹದಿನೈದು ಸಾವಿರದಿಂದ ಗುಣಿಸು. ನಲವತ್ತೊಂದು ಸಾವಿರ ಚಿಲ್ಲರೆ.

ಮೆಷಿನ್ ಹೇಳಿದ್ದು ನಲವತ್ತೊಂದು. ಅದಕ್ಕೆ ಸರ್ವಿಸೂ ಬೇಕಿರಲಿಲ್ಲ, ಏನೂ ಬೇಕಿರಲಿಲ್ಲ. ಮೆಷಿನ್ನೂ ದೊಡ್ಡಮ್ಮನೂ ಒಂದೇ ಮಾತು ಹೇಳುತ್ತಿದ್ದರು. ಇಬ್ಬರ ನಡುವೆ ನಾನು ತಂದಿಟ್ಟ ಉಂಗುರ ಕೂತಿತ್ತು.

ಇಷ್ಟಾದ ಮೇಲೆ ನೇರವಾಗಿ ಹೋಗಿ ಹೇಳುವುದು ತಾನೆ? ಬೇರೆಯವರ ಬಗ್ಗೆ ಆಗಿದ್ದರೆ ನಾನೂ ಹೀಗೇ ಕೇಳುತ್ತಿದ್ದೆ. ಆ ಎರಡು ವಾರಗಳಲ್ಲಿ ಅವಳು ಸಹಿ ಹಾಕಿದ ರಿಪೋರ್ಟು ಅದೊಂದೇ ಅಲ್ಲ. ಉಳಿದವರಿಗೆ ಏನೂ ಆಗಲಿಲ್ಲ, ಆಗಿದ್ದರೆ ಬಂದಿರುತ್ತಿದ್ದರು ಎಂದು ನನ್ನೊಳಗೇ ಯಾರೋ ಪರ ವಾದ ಮಂಡಿಸಿದರು. ಬರದೇ ಇರುವುದು ಏನೂ ಆಗಲಿಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ ಎಂದು ಇನ್ನೊಬ್ಬರು ವಿರೋಧ ಮಂಡಿಸಿದರು. ಚೀಟಿ ಎತ್ತಿ ಯಾವ ಪಕ್ಷ ಬಂದರೂ ಮಾತಾಡಿ ಗೆದ್ದು ರೂಢಿ ನನಗೆ. ಹನ್ನೊಂದು ದಿನ ಎರಡೂ ಪಕ್ಷದಿಂದ ನಾನೇ ಮಾತಾಡಿ ಎರಡೂ ಕಡೆ ಗೆದ್ದೆ. ಬಾಯಿ ಬಿಟ್ಟು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿದರೆ ದೊಡ್ಡಮ್ಮನ ಹೆಸರು ಅವಳಿಗೆ ವಾಪಸ್ ಸಿಗುತ್ತದೆ, ಆ ಹೊಲಿಗೆಯ ಹೆಂಗಸಿನ ನಾಲ್ಕು ದಿನ ನನ್ನ ಹೆಸರಿಗೆ ಬರುತ್ತದೆ. ಅಡ್ಡ ಬಂದದ್ದು ಅದೇ, ಬೇರೆ ಏನೂ ಅಲ್ಲ.

ಆ ದಿನಗಳಲ್ಲಿ ಅವಳನ್ನು ಹೊಂಚು ಹಾಕಿ ನೋಡತೊಡಗಿದೆ. ಹೊಸಕೆರೆಹಳ್ಳಿಯ ಅವಳ ಮನೆ ನಮ್ಮ ಮನೆಯಿಂದ ಒಂದೇ ಬಸ್ಸು. ಹೋದಾಗಲೆಲ್ಲ ಏನಾದರೂ ಒಂದು ಕಾಣುತ್ತಿತ್ತು. ಮಾತ್ರೆಯ ಪಟ್ಟಿಯ ಹಿಂದಿನ ಇರುವೆಯಂಥ ಅಕ್ಷರವನ್ನು ಒಂದು ಗಳಿಗೆ ನೋಡುವಳು, ತುಟಿ ಅಲ್ಲಾಡುವುದು, ಆಮೇಲೆ ನನಗೆ ಚಾಚಿ, "ಯಾವ ತಿಂಗಳವರೆಗೆ ಇದೆ ನೋಡೇ," ಎನ್ನುವಳು. ಬಸ್ಸು ಇನ್ನೂ ದೂರವಿರುವಾಗಲೇ ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಹತ್ತಿರವಾದ ಮೇಲೆ ಪಕ್ಕದವರನ್ನು, "ಇದು ಎಷ್ಟನೇ ನಂಬರಮ್ಮ?" ಎಂದು ಕೇಳುವಳು. ಕಾಯಿಲೆಯ ನಾಟಕ ಎಂದು ನಾನು ತೀರ್ಪು ಕೊಟ್ಟೆ. ಒಂದು ಸುಳ್ಳು ಹೇಳಿದರೆ ಸಾಲದು, ದಿನಾ ಅದಕ್ಕೆ ನೀರು ಹಾಕಬೇಕಲ್ಲ. ನನಗಾಗಿ ಈ ವಯಸ್ಸಿನಲ್ಲಿ ಬಸ್ ಸ್ಟಾಪಿನಲ್ಲಿ ಕುರುಡಿಯ ಹಾಗೆ ನಿಲ್ಲುತ್ತಿದ್ದಾಳೆ ಎಂದು ಎದೆ ಹಿಂಡಿತು. ಆ ಸಂಕಟದೊಳಗೆ ಒಂದಿಷ್ಟು ಸುಖವೂ ಇತ್ತು ಎಂದು ಈಗ ಅನಿಸುತ್ತದೆ. ನಮಗಾಗಿ ಒಬ್ಬರು ಇಷ್ಟು ಮಾಡುತ್ತಾರೆ ಎಂದರೆ ಯಾರಿಗೆ ಬೇಡ?

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಹೋದೆ. ಅವರೆಕಾಳಿನ ಕಾಲ. ದೊಡ್ಡಮ್ಮ ಬಾಲ್ಕನಿಯ ಬಿಸಿಲಲ್ಲಿ ಕಾಲು ಚಾಚಿ ಕೂತು, ನೆನೆಸಿದ ಕಾಳನ್ನು ಹಿಚುಕಿ ಹಿಚುಕಿ ಬೇಳೆಯನ್ನು ಪಾತ್ರೆಗೆ ಹಾರಿಸುತ್ತಿದ್ದಳು. ಕನ್ನಡಕ ಪಕ್ಕದಲ್ಲಿ ಮಡಚಿ ಇಟ್ಟಿತ್ತು.

"ಬಾ, ಕೂತ್ಕೋ. ಬರೀ ಬಾಯಿ ಬೇಡ, ಕೈನೂ ಆಡ್ಸು."

ಕೈ ಆಡಿಸುತ್ತಲೇ ಹೇಳಿದೆ. ನಾಲ್ಕು ಮಿಲಿಮೀಟರು, ಐದು ಮಿಲಿಮೀಟರು, ಉಂಗುರ, ಹದಿನಾರು, ಇಪ್ಪತ್ತೈದು, ನಲವತ್ತೊಂದು. ವೇದಿಕೆಯ ಮೇಲೆ ಮಾತಾಡುವ ಹಾಗೆ ಹೇಳಬಾರದು ಎಂದುಕೊಂಡು ಹೋಗಿದ್ದೆ, ಆದರೂ ಹಾಗೇ ಬಂತು. ಅವಳು ಹಿಚುಕುವುದನ್ನು ನಿಲ್ಲಿಸಲಿಲ್ಲ.

"ನಾಲ್ಕು, ಐದು," ಎಂದಳು ಕೊನೆಗೆ. "ಸರಿ. ಹಂಗಿದ್ರೆ ಸರಿಹೋಗುತ್ತೆ ಲೆಕ್ಕ."

"ನಾಳೆ ಮೇಡಂಗೆ ಹೇಳ್ತೀನಿ. ಆ ಎರಡು ವಾರದ ರಿಪೋರ್ಟೆಲ್ಲ ತೆಗ್ಸಿ ನೋಡ್ಬೇಕು. ಚಿಕ್ಕಲಸಂದ್ರಕ್ಕೂ ಹೋಗ್ತೀನಿ."

"ರಿಪೋರ್ಟ್ ತೆಗಿಲಿ. ಅದು ನ್ಯಾಯ. ಉಂಗುರದ ವಿಷ್ಯಾನೂ ಹೇಳು, ನನ್ ಜಾಗಕ್ಕೆ ಬಂದ ಹುಡುಗಿ ಮುಂದೆ ಅದೇ ತಪ್ಪು ಮಾಡ್ಬಾರ್ದು. ತಂದಿದ್ದು ನೀನು ಅಂತ ಯಾಕೆ ಹೇಳ್ತೀಯ?"

"ನಿಜ ಅದಕ್ಕೆ."

"ತಂದೋಳು ನೀನು. ಹಾಕ್ಕೊಂಡೋಳು ನಾನು, ಎಣಿಸಿದೋಳು ನಾನು, ಸೈನ್ ಹಾಕಿದೋಳು ನಾನು. ಯಾವ್ದು ದೊಡ್ಡದು?"

"ವಾದ ಮಾಡಿ ಹಾಕಿಸ್ದೋಳು ನಾನು."

"ನೀನು ದಿನಾ ವಾದ ಮಾಡ್ತೀಯ. ಅಂಗಡೀಲಿ ಕೊತ್ತಂಬರಿ ಸೊಪ್ಪಿಗೂ ಮಾಡ್ತೀಯ. ಮೂವತ್ತು ವರ್ಷ ಕೂತಿದ್ದೋಳಿಗೆ ಬುದ್ಧಿ ಎಲ್ಲಿತ್ತು? ಜಾಸ್ತಿ ಕಾಣ್ತಿದೆ ಅಂತ ನಂಗೆ ಗೊತ್ತಾಯ್ತಲ್ಲ. ಗೊತ್ತಾದ್ಮೇಲೂ ಹೂಂ ಅಂದೆ." ಒಂದು ಕಾಳನ್ನು ಬೆರಳ ನಡುವೆ ತಿರುಗಿಸಿ, ಹುಳುವಿನ ಸೂಜಿಮೊನೆಯಷ್ಟು ತೂತು ನೋಡಿ ಆಚೆ ಎಸೆದಳು. ಮುಂದಿನ ಕಾಳು ಕೈಗೆತ್ತಿಕೊಂಡು, ಬಿಸಿಲಿಗೆ ಹಿಡಿದು ನೋಡಿ, ಅದನ್ನು ಎಸೆಯಲೂ ಇಲ್ಲ, ಹಿಚುಕಲೂ ಇಲ್ಲ. ನನ್ನ ಅಂಗೈಯ ಮೇಲಿಟ್ಟಳು. "ಇದು ನೋಡು. ಚೆನ್ನಾಗಿದೆಯಾ?"

ಕಾಳಿನಲ್ಲಿ ಏನೂ ಇರಲಿಲ್ಲ. ನನಗಿಂತ ಚೆನ್ನಾಗಿ ಅವಳಿಗೆ ಅದು ಕಂಡಿತ್ತು. ಅಲ್ಲಿ ನಾಟಕ ನೋಡಲು ನನ್ನನ್ನು ಬಿಟ್ಟು ಯಾರೂ ಇರಲಿಲ್ಲ, ನನಗೋ ಎಲ್ಲ ಗೊತ್ತಿತ್ತು. ಹಾಗಿದ್ದ ಮೇಲೆ ಯಾರಿಗಾಗಿ ಕೇಳಿದಳು? ಇಷ್ಟು ದಿನ ನನ್ನನ್ನು ಉಳಿಸಲು ಸುಳ್ಳು ಹೇಳಿದಳು ಎಂದು ನಂಬಿ, ಅದರ ಭಾರವನ್ನೇ ಹೊತ್ತು ತಿರುಗಿದ್ದೆ. ಮಾತ್ರೆಯ ಪಟ್ಟಿ, ಬಸ್ಸಿನ ನಂಬರು, ಈ ಕಾಳು: ಇನ್ನೊಂದು ಉತ್ತರಕ್ಕೂ ಇದೇ ಸಾಕ್ಷಿಗಳು ಸಾಕು. ಮೂವತ್ತು ವರ್ಷ ತಪ್ಪದ ಕಣ್ಣು ಜಾಸ್ತಿ ಕಾಣುತ್ತಿದೆ ಎಂದು ಹೇಳಿತು, ನಾನು ಅದರ ಬಾಯಿ ಮುಚ್ಚಿಸಿದೆ, ಅವಳು ಕಣ್ಣನ್ನು ಬಿಟ್ಟು ನನ್ನ ಮಾತು ಹಿಡಿದಳು. ಆವತ್ತಿನಿಂದ ಕಂಡದ್ದನ್ನು ಕಂಡೆ ಎನ್ನಲು ಅವಳಿಗೆ ಧೈರ್ಯವಿಲ್ಲದೆ ಹೋಗಿದ್ದರೆ? ಹಾಗಾದರೆ ಮೇಡಂ ಮುಂದೆ ಆಡಿದ ಮಾತು ಅವಳ ಮಟ್ಟಿಗೆ ಸುಳ್ಳೇ ಅಲ್ಲ.

ಕಾಳನ್ನು ಕೆಳಗಿಟ್ಟೆ. ಎದುರಾಳಿಗೆ ಕೇಳಬೇಕಾದ ಪ್ರಶ್ನೆಯ ಉತ್ತರ ನಮಗೆ ಮೊದಲೇ ಗೊತ್ತಿರಬೇಕು, ಗೊತ್ತಿಲ್ಲದ್ದನ್ನು ಕೇಳಬಾರದು ಎಂದು ನಮಗೆ ಹೇಳಿಕೊಟ್ಟಿದ್ದರು.

"ದೊಡ್ಡಮ್ಮ, ಅವತ್ತು ಕಣ್ಣು ಅಂದ್ಯಲ್ಲ. ನನ್ನ ಉಳಿಸಕ್ಕೆ ಅಂದ್ಯಾ, ಇಲ್ಲಾ ನಿನ್ನ ಕಣ್ಣ ಮೇಲೆ ನಿಂಗೇ ನಂಬಿಕೆ ಹೋಗಿತ್ತಾ?"